ಡಿಜಿಟಲ್ ಅರೆಸ್ಟ್: ಓದಿಕೊಂಡವರೂ ಫೋನ್ ಇಡುವುದಿಲ್ಲ ಯಾಕೆ?

2025ರ ನವೆಂಬರ್‌ನಲ್ಲಿ ಬೆಂಗಳೂರಿನ ಒಂದು ಸುದ್ದಿಯನ್ನು ಜನ ನಂಬಲಾಗದೆ ಎರಡೆರಡು ಸಲ ಓದಿದರು. ಐಟಿ ಕ್ಷೇತ್ರದ ಹಿರಿಯ ಉದ್ಯೋಗಿಯೊಬ್ಬರು ‘ಡಿಜಿಟಲ್ ಅರೆಸ್ಟ್’ ವಂಚಕರಿಗೆ, ಅಂದರೆ ಪೊಲೀಸರಂತೆ ನಟಿಸಿ ವಿಡಿಯೊ ಕರೆಯಲ್ಲೇ ‘ಬಂಧಿಸಿ’ ಹಣ ಕೀಳುವವರಿಗೆ, 31.83 ಕೋಟಿ ರೂಪಾಯಿ ಕೊಟ್ಟಿದ್ದರು. ಕೊರಿಯರ್ ಕಂಪನಿಯ ಹೆಸರಿನಲ್ಲಿ ಮೊದಲ ಕರೆ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಹಣ ಹೋದದ್ದು ತಿಂಗಳುಗಟ್ಟಲೆ, 187 ವರ್ಗಾವಣೆಗಳಲ್ಲಿ. ದೂರು ಠಾಣೆಗೆ ಬರುವಾಗ ವರ್ಷ ದಾಟಿತ್ತು.

ಓದುಗರನ್ನು ಗೊಂದಲಕ್ಕೆ ಕೆಡವಿದ್ದು ಮೊತ್ತಕ್ಕಿಂತ ಹೆಚ್ಚಾಗಿ ಆ 187 ಎಂಬ ಸಂಖ್ಯೆ. ಒಂದು ಸಲ ಹೆದರಿ ಹಣ ಕಳಿಸಿದರೆ ಅರ್ಥವಾಗುತ್ತದೆ, ಎರಡನೇ ಸಲವೂ ಒಪ್ಪಬಹುದು. ನೂರನೇ ಸಲ ಕಳಿಸುವಾಗ ಆ ಮನುಷ್ಯರ ತಲೆಯಲ್ಲಿ ಏನು ನಡೆಯುತ್ತಿತ್ತು? ಲೆಕ್ಕ ಬಲ್ಲವರು, ದೊಡ್ಡ ಹುದ್ದೆ ನಿಭಾಯಿಸಿದವರು, ಕಂಪ್ಯೂಟರಿನ ಜೊತೆಗೇ ಬದುಕಿದವರು. ಅವರಿಗೇ ಹೀಗಾದರೆ ಉಳಿದವರ ಪಾಡೇನು?

ಇದು ಒಬ್ಬರ ಕಥೆಯಲ್ಲ. ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ಡಿಜಿಟಲ್ ಅರೆಸ್ಟ್ ಮತ್ತು ಅದಕ್ಕೆ ಹೊಂದಿಕೊಂಡ ಸೈಬರ್ ಅಪರಾಧಗಳ ದೂರುಗಳು 2022ರಲ್ಲಿ 39,925 ಇದ್ದವು, 2024ರಲ್ಲಿ 1,23,672 ಆದವು. ಹೋದ ಹಣ 91.14 ಕೋಟಿಯಿಂದ 1,935.51 ಕೋಟಿಗೆ ಏರಿತು. ದೂರುಗಳು ಮೂರು ಪಟ್ಟಾದರೆ ಹಣ ಇಪ್ಪತ್ತೊಂದು ಪಟ್ಟಾಯಿತು. ದೂರೊಂದಕ್ಕೆ ಸರಾಸರಿ 23 ಸಾವಿರ ರೂಪಾಯಿ ಇದ್ದದ್ದು ಒಂದೂವರೆ ಲಕ್ಷ ದಾಟಿತು. ವಂಚಕರು ಹೆಚ್ಚು ಜನರನ್ನು ಹಿಡಿದದ್ದಷ್ಟೇ ಅಲ್ಲ, ಹಿಡಿದವರನ್ನು ಹೆಚ್ಚು ಹೊತ್ತು ಬಿಡದೆ ಇಟ್ಟುಕೊಳ್ಳುವುದನ್ನೂ ಕಲಿತರು ಎಂಬುದೇ ಇದಕ್ಕೆ ಹತ್ತಿರದ ವಿವರಣೆ. ಆ ಹಿಡಿತ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಸಮಾಜ ಮನಶ್ಶಾಸ್ತ್ರದಲ್ಲಿ ಅರವತ್ತು ವರ್ಷಗಳ ಹಿಂದಿನಿಂದಲೂ ಸಾಕಷ್ಟು ಉತ್ತರವಿದೆ.

ಕಾನೂನಿನಲ್ಲಿ ಇಲ್ಲದ ಬಂಧನ

ಮೊದಲು ಕಾನೂನು. ಭಾರತದಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬುದೇ ಇಲ್ಲ. ಬಂಧನ, ತನಿಖೆಯ ವಿಧಾನವನ್ನು ಹೇಳುವ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ವಿಡಿಯೊ ಕರೆಯ ಮೂಲಕ ಬಂಧಿಸುವ, ಮನೆಯಲ್ಲೇ ಕ್ಯಾಮೆರಾ ಮುಂದೆ ಕೂರಿಸುವ ಅಧಿಕಾರವನ್ನು ಯಾರಿಗೂ ಕೊಟ್ಟಿಲ್ಲ. ಸಂಹಿತೆಯ 35ನೇ ಕಲಮಿನಡಿ ಪೊಲೀಸರು ಕೊಡುವ ಹಾಜರಾತಿ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಆಗದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಾಗಿದ್ದೂ ಜನ ನಂಬಲು ಕಾರಣವಿದೆ. ಕೋವಿಡ್ ನಂತರ ನ್ಯಾಯಾಲಯಗಳು ನಿಜವಾಗಿಯೂ ವಿಡಿಯೊದಲ್ಲಿ ವಿಚಾರಣೆ ನಡೆಸುತ್ತಿವೆ. ಹೊಸ ಸಂಹಿತೆ ಸಮನ್ಸನ್ನು ವಿದ್ಯುನ್ಮಾನ ರೂಪದಲ್ಲಿ ಕಳಿಸಲು, ದೂರನ್ನು ಅದೇ ರೂಪದಲ್ಲಿ ಪಡೆಯಲು ಅವಕಾಶ ಕೊಟ್ಟಿದೆ. ಹಾಗಾಗಿ ‘ಇ-ಎಫ್‌ಐಆರ್ ಉಂಟು, ಆನ್‌ಲೈನ್ ವಿಚಾರಣೆ ಉಂಟು, ಆನ್‌ಲೈನ್ ಬಂಧನವೂ ಇರಬಹುದು’ ಎಂದು ಒಬ್ಬರು ಭಾವಿಸಿದರೆ ಅದು ದಡ್ಡತನವಲ್ಲ. ನಿಜದ ಹತ್ತು ಸಂಗತಿಗಳ ನಡುವೆ ಒಂದು ಸುಳ್ಳನ್ನು ಸೇರಿಸಿಟ್ಟಿದ್ದಾರೆ. ಜವಳಿ ಉದ್ಯಮದ ವರ್ಧಮಾನ್ ಸಮೂಹದ ಮುಖ್ಯಸ್ಥ ಎಸ್.ಪಿ. ಓಸ್ವಾಲ್ ಅವರಿಂದ 2024ರಲ್ಲಿ 7 ಕೋಟಿ ರೂಪಾಯಿ ಕಿತ್ತುಕೊಂಡವರು ಸುಪ್ರೀಂ ಕೋರ್ಟಿನ ನಕಲಿ ವಿಚಾರಣೆಯನ್ನೇ ನಡೆಸಿದ್ದರು. 2025ರಲ್ಲಿ ಹರಿಯಾಣದ ಅಂಬಾಲದ ವೃದ್ಧ ದಂಪತಿಗೆ ಕೋರ್ಟಿನ ನಕಲಿ ಆದೇಶ ತೋರಿಸಿ ಕೋಟಿ ರೂಪಾಯಿಗೂ ಹೆಚ್ಚು ದೋಚಿದಾಗ, ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಡಿಸೆಂಬರ್‌ನಲ್ಲಿ ದೇಶದ ಎಲ್ಲೆಡೆಯ ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ಕರೆ ಸಾಗುವ ಬಗೆ

ಹೆಸರು, ಇಲಾಖೆ ಬದಲಾದರೂ ಕರೆಯ ಎಲುಬುಗೂಡು ಒಂದೇ.

ಮೊದಲು ಬರುವುದು ಕೊರಿಯರ್ ಸಂಸ್ಥೆಯದ್ದೋ ಟೆಲಿಕಾಂ ಪ್ರಾಧಿಕಾರದ್ದೋ ಎಂದು ಹೇಳಿಕೊಳ್ಳುವ ಧ್ವನಿ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಪಾಸ್‌ಪೋರ್ಟ್‌ಗಳು, ಮಾದಕವಸ್ತು ಸಿಕ್ಕಿವೆ, ಅಥವಾ ನಿಮ್ಮ ಆಧಾರ್‌ನಲ್ಲಿ ತೆಗೆದ ಸಿಮ್ ಅಪರಾಧಕ್ಕೆ ಬಳಕೆಯಾಗಿದೆ, ಎರಡು ಗಂಟೆಯಲ್ಲಿ ನಂಬರ್ ಬಂದ್ ಆಗುತ್ತದೆ ಎನ್ನುತ್ತದೆ. ಈ ಹಂತದ ವ್ಯಕ್ತಿ ಹೆದರಿಸುವುದಿಲ್ಲ, ನೆರವಾಗುತ್ತಾನೆ. ‘ಯಾರೋ ನಿಮ್ಮ ಗುರುತು ಕದ್ದಿದ್ದಾರೆ ಅನ್ನಿಸುತ್ತೆ, ಪೊಲೀಸರಿಗೆ ಒಂದು ದೂರು ಕೊಟ್ಟುಬಿಡಿ, ನಾನೇ ಲೈನ್ ಕೊಡುತ್ತೇನೆ’ ಎನ್ನುತ್ತಾನೆ. ಹೀಗೆ ಪೊಲೀಸರ ಜೊತೆ ಮಾತಾಡಲು ಒಪ್ಪಿದವರು ನೀವೇ ಆಗುತ್ತೀರಿ.

ಎರಡನೆಯದು ವಿಡಿಯೊ ಕರೆ. ಹಿಂದೆ ಸ್ಕೈಪ್ ಇತ್ತು. ಅದು 2025ರ ಮೇ ತಿಂಗಳಲ್ಲಿ ಮುಚ್ಚಿದ ಮೇಲೆ ಹೆಚ್ಚಾಗಿ ವಾಟ್ಸ್‌ಆ್ಯಪ್. ಸಮವಸ್ತ್ರ, ಹಿಂದೆ ಠಾಣೆಯಂಥ ಗೋಡೆ, ಲಾಂಛನವಿರುವ ಪತ್ರ. ನಿಮ್ಮ ಆಧಾರ್‌ನ ಅಂಕಿಗಳನ್ನು, ವಿಳಾಸವನ್ನು ಅವರೇ ಓದಿ ಹೇಳುತ್ತಾರೆ. ಇವೆಲ್ಲ ಸೋರಿಹೋದ ದತ್ತಾಂಶದಲ್ಲಿ ಸಿಗುವಂಥವು, ಆದರೆ ಕೇಳಿಸಿಕೊಳ್ಳುವವರಿಗೆ ‘ಸರ್ಕಾರಕ್ಕಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ’ ಅನ್ನಿಸುತ್ತದೆ.

ಮೂರನೆಯದು ಗುಟ್ಟಿನ ಆಜ್ಞೆ. ಇದು ರಾಷ್ಟ್ರೀಯ ಭದ್ರತೆಯ ವಿಷಯ, ಮನೆಯವರಿಗೆ ಹೇಳಿದರೆ ಅವರೂ ಆರೋಪಿಗಳಾಗುತ್ತಾರೆ, ಬ್ಯಾಂಕಿನವರೂ ಈ ಜಾಲದಲ್ಲಿದ್ದಾರೆ. ಕ್ಯಾಮೆರಾ ಆರಿಸಬೇಡಿ, ಸ್ನಾನಕ್ಕೆ ಹೋಗುವುದಾದರೂ ಹೇಳಿ ಹೋಗಿ.

ಹಣದ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ. ಅದೂ ಲಂಚ, ದಂಡ ಎಂಬ ಹೆಸರಲ್ಲಿ ಬರುವುದಿಲ್ಲ. ‘ಪರಿಶೀಲನೆ’ಗೆ, ಆರ್‌ಬಿಐ ನಿಗಾದಲ್ಲಿರುವ ಖಾತೆಗೆ, ಮೂರು ದಿನದಲ್ಲಿ ವಾಪಸ್ ಎಂಬ ಮಾತಿನೊಂದಿಗೆ ಬರುತ್ತದೆ. ಆಮೇಲೆ ಜಾಮೀನು, ತೆರಿಗೆ, ಕ್ಲಿಯರೆನ್ಸ್ ಪತ್ರದ ಶುಲ್ಕ.

ಹೊರಗೆ ನಿಂತವರ ಕಣ್ಣಿನ ದೋಷ

ಇಂಥ ಸುದ್ದಿಗೆ ಬರುವ ಮೊದಲ ಪ್ರತಿಕ್ರಿಯೆ ‘ಇಷ್ಟು ಓದಿ ಏನು ಬಂತು’ ಎಂಬುದು. ಎರಡನೆಯದು ‘ಕಪ್ಪು ಹಣ ಇದ್ದಿರಬೇಕು, ಇಲ್ಲದಿದ್ದರೆ ಯಾಕೆ ಹೆದರಬೇಕು’ ಎಂಬುದು. ಎರಡೂ ಮನುಷ್ಯನ ಗುಣದ ಮೇಲೆ ತೀರ್ಪು ಕೊಡುತ್ತವೆ, ಸನ್ನಿವೇಶದ ಕಡೆಗೆ ತಿರುಗಿಯೂ ನೋಡುವುದಿಲ್ಲ.

ಈ ಚಾಳಿಯನ್ನು 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಎಂಬ ಅಮೆರಿಕದ ಸಂಶೋಧಕರು ಸರಳ ಪ್ರಯೋಗದಲ್ಲಿ ತೋರಿಸಿದರು. ಫಿಡೆಲ್ ಕ್ಯಾಸ್ಟ್ರೊ ಪರ ಅಥವಾ ವಿರುದ್ಧ ಬರೆದ ಪ್ರಬಂಧಗಳನ್ನು ಜನರಿಗೆ ಓದಲು ಕೊಟ್ಟು, ಬರೆದವರ ನಿಜವಾದ ಅಭಿಪ್ರಾಯ ಏನಿರಬಹುದು ಎಂದು ಕೇಳಿದರು. ಯಾವ ಪಕ್ಷ ಬರೆಯಬೇಕೆಂಬುದನ್ನು ಬರೆದವರ ಮೇಲೆ ಹೇರಲಾಗಿತ್ತು, ಅವರಿಗೆ ಆಯ್ಕೆಯೇ ಇರಲಿಲ್ಲ ಎಂದು ಮೊದಲೇ ತಿಳಿಸಿದರೂ, ಕ್ಯಾಸ್ಟ್ರೊ ಪರ ಬರೆದವರು ಕ್ಯಾಸ್ಟ್ರೊ ಪರವಾಗಿಯೇ ಇರುತ್ತಾರೆ ಎಂದು ಓದುಗರು ವಾಲಿದರು. ಹತ್ತು ವರ್ಷದ ಬಳಿಕ ಲೀ ರಾಸ್ ಇದನ್ನು ಗುಣಾರೋಪಣೆಯ ಮೂಲಭೂತ ದೋಷ ಎಂದು ಕರೆದರು. ಬೇರೆಯವರ ನಡವಳಿಕೆಗೆ ಅವರ ಸ್ವಭಾವವನ್ನು ಕಾರಣ ಮಾಡುತ್ತೇವೆ, ನಮ್ಮದಕ್ಕೆ ಸಂದರ್ಭವನ್ನು.

ಇದರ ಪರಿಣಾಮ ಬರೀ ನೈತಿಕವಲ್ಲ, ಹಣಕಾಸಿನದ್ದೂ ಹೌದು. ‘ದಡ್ಡರು ಮಾತ್ರ ಬೀಳುತ್ತಾರೆ’ ಎಂದು ನಂಬಿದವರು ತಾವು ಸುರಕ್ಷಿತ ಎಂದುಕೊಳ್ಳುತ್ತಾರೆ, ತಯಾರಿ ಮಾಡಿಕೊಳ್ಳುವುದಿಲ್ಲ. ಬಿದ್ದವರು ನಗೆಪಾಟಲಿಗೆ ಹೆದರಿ ದೂರು ತಡಮಾಡುತ್ತಾರೆ. ತಡವಾದಷ್ಟೂ ಹಣ ಬಾಡಿಗೆ ಖಾತೆಗಳ (ವಂಚಕರು ಬಳಸಲು ಬೇರೆಯವರು ಕೊಟ್ಟ ಖಾತೆಗಳ) ಪದರಗಳನ್ನು ದಾಟಿ ಕೈಗೆ ಸಿಗದಂತಾಗುತ್ತದೆ.

ಫೋನಿನಲ್ಲಿ ಬಂದ ಡಾಕ್ಟರ್, ಫೋನಿನಲ್ಲಿ ಬಂದ ಪೊಲೀಸ್

ಅಧಿಕಾರದ ದನಿ ಫೋನಿನಲ್ಲೇ ಎಷ್ಟು ಕೆಲಸ ಮಾಡಿಸಬಲ್ಲದು ಎಂಬುದಕ್ಕೆ 1966ರ ಒಂದು ಪ್ರಯೋಗ ಸಾಕ್ಷಿ. ಅಮೆರಿಕದ ಮನೋವೈದ್ಯ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರು ಆಸ್ಪತ್ರೆಯ ವಾರ್ಡುಗಳಿಗೆ ಫೋನ್ ಮಾಡಿಸಿದರು. ನರ್ಸ್‌ಗೆ ಪರಿಚಯವಿಲ್ಲದ ಒಬ್ಬ ‘ಡಾಕ್ಟರ್’ ರೋಗಿಗೆ ಒಂದು ಔಷಧಿ 20 ಮಿಲಿಗ್ರಾಂ ಕೊಡಿ ಎನ್ನುತ್ತಾನೆ. ದಿನಕ್ಕೆ 10 ಮಿಲಿಗ್ರಾಂ ಮೀರಬಾರದು ಎಂದು ಡಬ್ಬಿಯ ಮೇಲೆಯೇ ಬರೆದಿತ್ತು. ಫೋನಿನಲ್ಲಿ ಔಷಧಿ ಆದೇಶ ಪಡೆಯುವುದು ಆಸ್ಪತ್ರೆಯ ನಿಯಮಕ್ಕೂ ವಿರುದ್ಧ. ಆದರೂ 22 ನರ್ಸ್‌ಗಳಲ್ಲಿ 21 ಮಂದಿ ಔಷಧಿ ಕೊಡಲು ಹೊರಟರು. ಒಳಗಿದ್ದದ್ದು ನಿರಪಾಯಕಾರಿ ಗುಳಿಗೆ, ಬಾಗಿಲಲ್ಲೇ ತಡೆದು ವಿಷಯ ತಿಳಿಸಿದರು. ಇವರು ತರಬೇತಿ ಪಡೆದವರು. ನಿಯಮ ಗೊತ್ತಿಲ್ಲದೆ ಮಾಡಿದ್ದಲ್ಲ.

ಹಾಫ್ಲಿಂಗ್ ಪ್ರಯೋಗವನ್ನು ಮಾತ್ರ ಹೇಳಿ ಮುಗಿಸುವವರೇ ಹೆಚ್ಚು. 1977ರಲ್ಲಿ ರ್ಯಾಂಕ್ ಮತ್ತು ಜೇಕಬ್ಸನ್ ಎಂಬಿಬ್ಬರು ಇದನ್ನು ಬದಲಿಸಿ ಮಾಡಿದರು. ಔಷಧಿ ನರ್ಸ್‌ಗಳಿಗೆ ಚೆನ್ನಾಗಿ ಗೊತ್ತಿರುವ ವೇಲಿಯಂ. ಫೋನ್ ಮಾಡಿದವರು ಆಸ್ಪತ್ರೆಯಲ್ಲಿ ಪರಿಚಿತರಾದ ಡಾಕ್ಟರ ಹೆಸರು ಹೇಳಿದರು. ಮುಖ್ಯವಾಗಿ, ನರ್ಸ್‌ಗಳು ಸಹೋದ್ಯೋಗಿಗಳನ್ನು ಕೇಳಬಹುದಿತ್ತು. ಈ ಸಲ 18 ಮಂದಿಯಲ್ಲಿ ಇಬ್ಬರು ಮಾತ್ರ ಅತಿಯಾದ ಪ್ರಮಾಣ ಕೊಡಲು ಮುಂದಾದರು. ಇಲ್ಲಿ ಬದಲಾದದ್ದು ಒಂದಕ್ಕಿಂತ ಹೆಚ್ಚು ಸಂಗತಿ, ಹಾಗಾಗಿ ಎಲ್ಲ ಯಶಸ್ಸನ್ನೂ ‘ಪಕ್ಕದವರನ್ನು ಕೇಳಿದ್ದಕ್ಕೆ’ ಕಟ್ಟಲಾಗದು. ಆದರೆ ಗೊತ್ತಿರುವ ವಿಷಯ ಮತ್ತು ಕೇಳಲು ಒಬ್ಬರು ಇದ್ದಾಗ ಫೋನಿನ ಅಧಿಕಾರ ಎಷ್ಟು ಬೇಗ ಕರಗುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಯೇಲ್ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಶುರುವಾದ ಸ್ಟ್ಯಾನ್ಲಿ ಮಿಲ್‌ಗ್ರಾಂ ಪ್ರಯೋಗಗಳು ಇನ್ನೂ ಪ್ರಸಿದ್ಧ. ಪಕ್ಕದ ಕೋಣೆಯಲ್ಲಿರುವ ವ್ಯಕ್ತಿ ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುತ್ ಆಘಾತ ಕೊಡಬೇಕು, ಪ್ರತಿ ಸಲ 15 ವೋಲ್ಟ್ ಹೆಚ್ಚಿಸಬೇಕು. ಆಘಾತ ನಿಜವಲ್ಲ, ಕೊಡುವವರಿಗೆ ಅದು ಗೊತ್ತಿರಲಿಲ್ಲ. ಪ್ರಸಿದ್ಧ ಆವೃತ್ತಿಯಲ್ಲಿ 40 ಮಂದಿಯಲ್ಲಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೆ ಹೋದರು.

ಡಿಜಿಟಲ್ ಅರೆಸ್ಟ್ ಅರ್ಥವಾಗಬೇಕಾದರೆ ನೋಡಬೇಕಾದದ್ದು ಇದರ ಇನ್ನೊಂದು ಆವೃತ್ತಿ. ಪ್ರಯೋಗ ನಡೆಸುವವನು ಕೋಣೆಯಿಂದ ಹೊರಹೋಗಿ ಫೋನಿನಲ್ಲಿ ಆದೇಶ ಕೊಟ್ಟಾಗ ಕೊನೆಯವರೆಗೆ ಹೋದವರು ಐದರಲ್ಲಿ ಒಬ್ಬರಿಗೆ ಇಳಿದರು. ಕೆಲವರಂತೂ ‘ಹೆಚ್ಚಿಸುತ್ತಿದ್ದೇನೆ ಸರ್’ ಎಂದು ಫೋನಿನಲ್ಲಿ ಹೇಳುತ್ತಲೇ ಅತಿ ಕಡಿಮೆಯ ಗುಂಡಿ ಒತ್ತುತ್ತಿದ್ದರು. ಎದುರಿಗಿಲ್ಲದ ಅಧಿಕಾರದಿಂದ ಜನ ಸದ್ದಿಲ್ಲದೆ ತಪ್ಪಿಸಿಕೊಳ್ಳಬಲ್ಲರು. ವಂಚಕರು ಕ್ಯಾಮೆರಾ ಆರಿಸಬೇಡಿ ಎಂದು ಹಟ ಹಿಡಿಯುವುದು ಈ ಕಾರಣಕ್ಕೇ. ಫೋನಿನಲ್ಲಿ ಕಳೆದುಹೋಗುವ ‘ಎದುರಿಗಿರುವಿಕೆ’ಯನ್ನು ವಿಡಿಯೊ ಮರಳಿ ತರುತ್ತದೆ. ಅಷ್ಟೇ ಅಲ್ಲ, ಸಣ್ಣ ಸುಳ್ಳು ಹೇಳಿ ನುಸುಳುವ, ಪಕ್ಕದ ಕೋಣೆಗೆ ಹೋಗಿ ಮಗನಿಗೊಂದು ಮೆಸೇಜ್ ಹಾಕುವ ಅವಕಾಶವನ್ನೂ ಕಸಿಯುತ್ತದೆ.

ಹೆದರಿಕೆಯೋ, ಸಹಕಾರವೋ?

ಇಲ್ಲಿ ವಿದ್ವಾಂಸರಲ್ಲಿ ಭಿನ್ನಮತವಿದೆ. ಮಿಲ್‌ಗ್ರಾಂ ಪ್ರಕಾರ ಆಜ್ಞೆಯ ಮುಂದೆ ಮನುಷ್ಯ ತನ್ನ ಹೊಣೆಯನ್ನು ಅಧಿಕಾರಿಗೆ ಒಪ್ಪಿಸಿ ಬರೀ ಸಾಧನವಾಗುತ್ತಾನೆ. ಅಲೆಕ್ಸಾಂಡರ್ ಹ್ಯಾಸ್ಲಂ ಮತ್ತು ಸ್ಟೀಫನ್ ರೈಕರ್ ಇದನ್ನು ಒಪ್ಪುವುದಿಲ್ಲ. ಜನ ಮುಂದುವರಿದದ್ದು ಆಜ್ಞೆಗೆ ತಲೆಬಾಗಿ ಅಲ್ಲ, ವಿಜ್ಞಾನದ ಒಳ್ಳೆಯ ಕೆಲಸಕ್ಕೆ ನೆರವಾಗುತ್ತಿದ್ದೇವೆ ಎಂದು ನಂಬಿ ಎಂಬುದು ಅವರ ವಾದ. ಅವರ ಕೈಯಲ್ಲಿ ಗಟ್ಟಿ ಪುರಾವೆಯೂ ಇದೆ. ಹಿಂಜರಿದವರಿಗೆ ಹೇಳಲು ನಾಲ್ಕು ಸಿದ್ಧ ವಾಕ್ಯಗಳಿದ್ದವು. ನಾಲ್ಕನೆಯದು, ‘ನಿಮಗೆ ಬೇರೆ ಆಯ್ಕೆ ಇಲ್ಲ, ಮುಂದುವರಿಸಲೇಬೇಕು’, ಒಂದೇ ನಿಜವಾದ ಆಜ್ಞೆ. ಜೆರ್ರಿ ಬರ್ಗರ್ 2009ರಲ್ಲಿ ಪ್ರಯೋಗದ ಒಂದು ಭಾಗವನ್ನು ಮರುಮಾಡಿದಾಗ, ಈ ನಾಲ್ಕನೇ ವಾಕ್ಯ ಕೇಳಿದ ಯಾರೂ ಮುಂದುವರಿಯಲಿಲ್ಲ. ಬರೀ ಹುಕುಂ ಜನರನ್ನು ಸೆಟೆದು ನಿಲ್ಲುವಂತೆ ಮಾಡುತ್ತದೆ. ಪ್ರಯೋಗದಲ್ಲಿದ್ದ ಕೆಲವರಿಗೆ ಆಘಾತ ನಕಲಿ ಎಂಬ ಗುಮಾನಿ ಇತ್ತು ಎಂಬ ಟೀಕೆಯೂ ಇದೆ. ಅಂಕಿಗಳನ್ನು ವೇದವಾಕ್ಯ ಮಾಡಿಕೊಳ್ಳಬಾರದು.

ಡಿಜಿಟಲ್ ಅರೆಸ್ಟಿನ ಮಾತುಕತೆಗೆ ಈ ಎರಡನೇ ವಿವರಣೆಯೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಅದು ಬರೀ ಬೆದರಿಕೆಯಾಗಿದ್ದರೆ ತಿಂಗಳುಗಟ್ಟಲೆ ನಿಲ್ಲುತ್ತಿರಲಿಲ್ಲ. ಒಬ್ಬ ಗದರುತ್ತಾನೆ, ಇನ್ನೊಬ್ಬ ಸಮಾಧಾನ ಹೇಳುತ್ತಾನೆ: ‘ಮೇಡಂ, ನೀವು ತಪ್ಪು ಮಾಡಿಲ್ಲ ಅಂತ ನನಗೆ ಗೊತ್ತು. ತನಿಖೆಗೆ ಸಹಕರಿಸಿ, ಹೆಸರು ತೆಗೆಸುತ್ತೇನೆ.’ ಕೇಳುವವರು ಸಭ್ಯ ನಾಗರಿಕರಾಗಿ ಸಹಕರಿಸತೊಡಗುತ್ತಾರೆ.

‘ತಪ್ಪು ಮಾಡದಿದ್ದರೆ ಯಾಕೆ ಹೆದರಬೇಕು’ ಎಂಬ ಪ್ರಶ್ನೆ ತಲೆಕೆಳಗಾಗುವುದೂ ಇಲ್ಲೇ. ಸಾಲ್ ಕ್ಯಾಸಿನ್ ಮತ್ತು ರೆಬೆಕಾ ನಾರ್ವಿಕ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಂದ 100 ಡಾಲರಿನ ಅಣಕು ಕಳ್ಳತನ ಮಾಡಿಸಿದರು, ಕೆಲವರಿಂದ ಮಾಡಿಸಲಿಲ್ಲ. ಆಮೇಲೆ ಎರಡೂ ಗುಂಪಿನವರನ್ನು ಪತ್ತೇದಾರನ ಮುಂದೆ ಕೂರಿಸಿ, ಮೌನವಾಗಿರುವ ಹಕ್ಕನ್ನು ಬಿಟ್ಟುಕೊಟ್ಟು ಹೇಳಿಕೆ ಕೊಡುತ್ತೀರಾ ಎಂದು ಕೇಳಿದರು. ತಪ್ಪಿತಸ್ಥರಲ್ಲಿ ಶೇ 36 ಮಂದಿ ಒಪ್ಪಿದರೆ, ನಿರಪರಾಧಿಗಳಲ್ಲಿ ಶೇ 81 ಮಂದಿ ಒಪ್ಪಿದರು. ‘ನನ್ನಲ್ಲಿ ಮುಚ್ಚಿಡುವುದೇನೂ ಇಲ್ಲ’ ಎಂಬುದೇ ಅವರ ಕಾರಣ. ಪ್ರಾಮಾಣಿಕರು ವಕೀಲರನ್ನು ಕರೆಯುವುದಿಲ್ಲ, ಖಾತೆಯ ವಿವರ ಮುಚ್ಚಿಡುವುದಿಲ್ಲ. ಸತ್ಯ ಹೊರಬಂದರೆ ಸಾಕು ಎಂದುಕೊಳ್ಳುತ್ತಾರೆ. ವಂಚಕರ ‘ಪರಿಶೀಲನೆ’ ಎಂಬ ಪದ ಈ ನಂಬಿಕೆಗೇ ಹಾಕಿದ ಗಾಳ.

ಹದಿನೈದು ವೋಲ್ಟಿನ ಮೆಟ್ಟಿಲು

ಮೊದಲ ಕರೆಯಲ್ಲೇ ಯಾರೂ 31 ಕೋಟಿ ಕೇಳಲಿಲ್ಲ. 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೊನಾಥನ್ ಫ್ರೀಡ್‌ಮನ್ ಮತ್ತು ಸ್ಕಾಟ್ ಫ್ರೇಸರ್ ಮನೆಮನೆಗೆ ಹೋಗಿ, ‘ಎಚ್ಚರಿಕೆಯಿಂದ ವಾಹನ ಚಲಾಯಿಸಿ’ ಎಂಬ ಅಂದಗೆಟ್ಟ ದೊಡ್ಡ ಫಲಕವನ್ನು ಅಂಗಳದಲ್ಲಿ ನೆಡಲು ಅನುಮತಿ ಕೇಳಿಸಿದರು. ನೇರವಾಗಿ ಕೇಳಿದಾಗ ಒಪ್ಪಿದವರು ಶೇ 20ಕ್ಕೂ ಕಡಿಮೆ. ಎರಡು ವಾರ ಮೊದಲು ಇದೇ ವಿಷಯದ ಪುಟ್ಟ ಚೀಟಿಯನ್ನು ಅಂಟಿಸಿಕೊಳ್ಳಲು ಒಪ್ಪಿಸಿದ್ದ ಗುಂಪಿನಲ್ಲಿ ಶೇ 76. ಸಣ್ಣದಕ್ಕೆ ಹೂಂ ಎಂದವರು ತಮ್ಮನ್ನು ತಾವೇ ‘ಇಂಥ ವಿಷಯಕ್ಕೆ ಸಹಕರಿಸುವವರು’ ಎಂದು ಕಾಣತೊಡಗುತ್ತಾರೆ.

ಕರೆಯಲ್ಲೂ ಹಾಗೆಯೇ. ಮೊದಲು ಹೆಸರು ಖಚಿತಪಡಿಸಿ, ಆಮೇಲೆ ಬಾಗಿಲು ಹಾಕಿಕೊಳ್ಳಿ, ಆಮೇಲೆ ಆಧಾರ್ ತೋರಿಸಿ, ಆಸ್ತಿಯ ಪಟ್ಟಿ ಬರೆಯಿರಿ, ಎಫ್‌ಡಿ ಮುರಿಸಿ. ಮಿಲ್‌ಗ್ರಾಂ ಯಂತ್ರದಲ್ಲಿ 150ಕ್ಕೆ ಒಪ್ಪಿದವರಿಗೆ 165ರಲ್ಲಿ ನಿಲ್ಲಲು ಕಾರಣ ಸಿಗುತ್ತಿರಲಿಲ್ಲ. ಇಲ್ಲಿಯೂ ಐವತ್ತನೇ ವರ್ಗಾವಣೆ ಮಾಡಿದವರಿಗೆ ಐವತ್ತೊಂದನೆಯದನ್ನು ನಿರಾಕರಿಸುವುದೆಂದರೆ ಹಿಂದಿನ ಐವತ್ತೂ ಮೋಸವೆಂದು ಒಪ್ಪಿಕೊಂಡಂತೆ. ಅದರ ಬದಲು ‘ಇದೊಂದು ಶುಲ್ಕ ಕಟ್ಟಿದರೆ ಎಲ್ಲವೂ ವಾಪಸ್’ ಎಂಬ ಆಸೆಯೇ ಮನಸ್ಸಿಗೆ ಹಗುರ. 187 ಎಂಬ ಸಂಖ್ಯೆ ಹುಟ್ಟುವುದು ಹೀಗೆ.

ಎರಡನೇ ದನಿ

ಈ ಎಲ್ಲ ತಂತ್ರಗಳಲ್ಲಿ ಒಂದನ್ನು ತೆಗೆದರೆ ಉಳಿದವು ಕುಸಿಯುತ್ತವೆ. ಅದು ಗುಟ್ಟಿನ ಆಜ್ಞೆ.

1950ರ ದಶಕದಲ್ಲಿ ಸಾಲೊಮನ್ ಆಶ್, ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸದಲ್ಲಿ ಇಡೀ ಗುಂಪು ಬೇಕೆಂದೇ ತಪ್ಪು ಹೇಳಿದರೆ ಒಂಟಿ ವ್ಯಕ್ತಿ ಏನು ಮಾಡುತ್ತಾನೆ ಎಂದು ನೋಡಿದರು. ಮೂರನೇ ಒಂದು ಭಾಗದಷ್ಟು ಉತ್ತರಗಳು ಗುಂಪಿನ ಕಡೆ ವಾಲಿದವು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳುವಂತೆ ಮಾಡಿದಾಗ ಅದು ಶೇ 5ರ ಆಸುಪಾಸಿಗೆ ಇಳಿಯಿತು. ಮಿಲ್‌ಗ್ರಾಂ ಪ್ರಯೋಗದಲ್ಲಿ ಪಕ್ಕದಲ್ಲಿದ್ದ ಇಬ್ಬರು ‘ನಾವು ಮಾಡುವುದಿಲ್ಲ’ ಎಂದು ಎದ್ದಾಗ 40ರಲ್ಲಿ ನಾಲ್ವರು ಮಾತ್ರ ಕೊನೆಗೆ ಹೋದರು. ಇಬ್ಬರು ಅಧಿಕಾರಿಗಳು ಪರಸ್ಪರ ಜಗಳವಾಡಿದಾಗ ಯಾರೂ ಹೋಗಲಿಲ್ಲ.

ನಿಜವಾದ ಬಂಧನದ ಕಾನೂನು ಈ ಎರಡನೇ ದನಿಯನ್ನು ಕಡ್ಡಾಯ ಮಾಡಿದೆ ಎಂಬುದನ್ನು ಗಮನಿಸಬೇಕು. ಸಂಹಿತೆಯ 36ನೇ ಕಲಮಿನಂತೆ ಬಂಧನದ ದಾಖಲೆಗೆ ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿ ಸಹಿ ಹಾಕಬೇಕು. ಬಂಧುವಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು. ವಿಚಾರಣೆ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕಿದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ‘ಯಾರಿಗೂ ಹೇಳಬೇಡಿ’ ಎಂಬ ಮಾತು ಬಂದ ಕ್ಷಣವೇ ಅದು ಬಂಧನವಲ್ಲ ಎಂದು ತಿಳಿಯಬಹುದು. ಸಮವಸ್ತ್ರ, ಲಾಂಛನ, ಆಧಾರ್ ಸಂಖ್ಯೆ ನಿಜವೋ ನಕಲಿಯೋ ಎಂದು ಮನೆಯಲ್ಲಿ ಕೂತು ಪರೀಕ್ಷಿಸಲಾಗದು. ಈ ಒಂದನ್ನು ಪರೀಕ್ಷಿಸಬಹುದು.

2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಹೇಳಿದ ಸೂತ್ರ ‘ತಾಳಿ, ಯೋಚಿಸಿ, ಕ್ರಮ ಕೈಗೊಳ್ಳಿ’. ಮೊದಲ ಗಳಿಗೆಯಲ್ಲಿ ಅದು ಉಪಯುಕ್ತ. ಆದರೆ ಮೊದಲ ಎರಡು ಹೆಜ್ಜೆಗಳನ್ನು ಮನುಷ್ಯ ಒಂಟಿಯಾಗಿ ಇಡಬೇಕು. ಒಂಟಿಯಾಗಿ ಯೋಚಿಸುವ ಶಕ್ತಿಯನ್ನೇ ಈ ಕರೆ ಮುರಿಯುತ್ತದೆ. ಎಚ್ಚರಿಕೆಯ ಜಾಹೀರಾತುಗಳು ‘ಇನ್ನೊಬ್ಬರಿಗೆ ಹೇಳಿ’ ಎಂಬುದನ್ನು ಮೊದಲ ಸಾಲಿಗೆ ತರಬೇಕು.

ಬ್ಯಾಂಕು ಎಲ್ಲಿಯವರೆಗೆ ಅಡ್ಡ ಬರಬಹುದು?

ಆರ್‌ಬಿಐನ 2017ರ ಜುಲೈ ಸುತ್ತೋಲೆ, ಗ್ರಾಹಕರ ಅನುಮತಿಯಿಲ್ಲದೆ ನಡೆದ ವರ್ಗಾವಣೆಗಳಿಗೆ ರಕ್ಷಣೆ ಕೊಟ್ಟಿತು. ಡಿಜಿಟಲ್ ಅರೆಸ್ಟಿನಲ್ಲಿ ಒಟಿಪಿ ಹಾಕಿದವರು, ಆರ್‌ಟಿಜಿಎಸ್ ಫಾರಂಗೆ ಸಹಿ ಮಾಡಿದವರು ಗ್ರಾಹಕರೇ. ಹಾಗಾಗಿ ಆ ಕೊಡೆ ಇಲ್ಲಿ ಬಿಚ್ಚುವುದಿಲ್ಲ. ಬ್ಯಾಂಕುಗಳ ವಾದವೂ ಸ್ಪಷ್ಟ: ಗ್ರಾಹಕರ ಹಣ, ಗ್ರಾಹಕರ ಆದೇಶ, ತಡೆಯಲು ನಮಗೇನು ಅಧಿಕಾರ?

ಬೇರೆ ದೇಶಗಳು ಎರಡು ದಾರಿ ಹಿಡಿದಿವೆ. ಬ್ರಿಟನ್ 2024ರ ಅಕ್ಟೋಬರ್ 7ರಿಂದ ಇಂಥ ಮೋಸದಲ್ಲಿ 85,000 ಪೌಂಡ್‌ವರೆಗೆ ಹಣ ಮರಳಿಸುವುದನ್ನು ಕಡ್ಡಾಯ ಮಾಡಿತು. ಕಳಿಸಿದ ಬ್ಯಾಂಕ್ ಅರ್ಧ, ಪಡೆದ ಬ್ಯಾಂಕ್ ಅರ್ಧ ಕೊಡಬೇಕು. ಬಾಡಿಗೆ ಖಾತೆ ತೆರೆದುಕೊಟ್ಟ ಬ್ಯಾಂಕಿಗೂ ಬಿಸಿ ಮುಟ್ಟುವುದರಿಂದ ಖಾತೆ ತೆರೆಯುವಾಗಲೇ ಜಾಗ್ರತೆ ಹೆಚ್ಚುತ್ತದೆ. ಸಿಂಗಪುರ 2025ರಲ್ಲಿ ತಂದ ಕಾನೂನು ಇನ್ನೂ ಮುಂದೆ ಹೋಗಿ, ಎಷ್ಟು ಹೇಳಿದರೂ ಮೋಸವೆಂದು ಒಪ್ಪದ ವ್ಯಕ್ತಿಯ ಖಾತೆಯ ವಹಿವಾಟನ್ನು ಸ್ವಲ್ಪ ಕಾಲ ತಡೆಯುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಸ್ವಂತ ಹಣದ ಮೇಲಿನ ಸ್ವಾತಂತ್ರ್ಯಕ್ಕೆ ಇದು ಧಕ್ಕೆ ಎಂಬ ಆಕ್ಷೇಪ ಸಣ್ಣದಲ್ಲ. ಆದರೆ ಆ ಹೊತ್ತಿನಲ್ಲಿ ನಿರ್ಧಾರ ತೆಗೆದುಕೊಳ್ಳುತ್ತಿರುವವರು ಖಾತೆದಾರರಲ್ಲ, ಪರದೆಯ ಆಚೆಗಿನವರು. ಅಂಥ ಕಡೆ ಕೆಲವು ಗಂಟೆಗಳ ತಡೆ ಸ್ವಾತಂತ್ರ್ಯವನ್ನು ಕಸಿಯುವುದಕ್ಕಿಂತ ಮರಳಿಸುತ್ತದೆ ಎಂದೇ ನನಗನ್ನಿಸುತ್ತದೆ. ಹಿರಿಯರ ದೊಡ್ಡ ಎಫ್‌ಡಿ ಮುರಿದು, ಹೊಸ ಖಾತೆಗೆ, ಅದೇ ದಿನ ಹೋಗುವ ಹಣಕ್ಕಾದರೂ ಇಂಥ ತಡೆ ಬೇಕು.

ಶಾಖೆಯಲ್ಲಿ ಕೇಳುವ ಪ್ರಶ್ನೆಯೂ ಬದಲಾಗಬೇಕು. ‘ಯಾಕೆ ಎಫ್‌ಡಿ ಮುರಿಸುತ್ತಿದ್ದೀರಿ’ ಎಂಬುದಕ್ಕೆ ಉತ್ತರವನ್ನು ವಂಚಕರು ಮೊದಲೇ ಬಾಯಿಪಾಠ ಮಾಡಿಸಿರುತ್ತಾರೆ: ಸೈಟು ಕೊಳ್ಳಲು, ಮಗಳ ಮದುವೆಗೆ. ‘ಈ ವಿಷಯ ಬ್ಯಾಂಕಿನವರಿಗೆ ಹೇಳಬಾರದು ಅಂತ ಯಾರಾದರೂ ಹೇಳಿದ್ದಾರಾ?’ ಎಂದು ಕೇಳಿದರೆ ಬಾಯಿಪಾಠ ನಿಲ್ಲುತ್ತದೆ. ಜೇಬಿನಲ್ಲಿರುವ ಫೋನ್ ಚಾಲೂ ಇರಬಹುದಾದ್ದರಿಂದ ಈ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಮುಂದಿಡುವುದು ಒಳ್ಳೆಯದು. ಆರ್‌ಟಿಜಿಎಸ್, ನೆಫ್ಟ್ ಕಳಿಸುವ ಮೊದಲು ಪಡೆಯುವವರ ಹೆಸರು ನೋಡುವ ಸೌಲಭ್ಯ 2025ರ ಏಪ್ರಿಲ್‌ನಿಂದ ಇದೆ. ‘ಆರ್‌ಬಿಐ ಖಾತೆ’ ಎಂದು ಹೇಳಿದ ಕಡೆ ಯಾವುದೋ ಟ್ರೇಡರ್ಸ್ ಹೆಸರು ಬಂದರೆ ಅದನ್ನು ಗ್ರಾಹಕರಿಗೆ ತೋರಿಸಬಹುದು. ಆರ್‌ಬಿಐ ಸಾರ್ವಜನಿಕರ ಹಣವನ್ನು ಪರಿಶೀಲನೆಗೆಂದು ಖಾತೆಗೆ ಹಾಕಿಸಿಕೊಳ್ಳುವುದಿಲ್ಲ.

ಮನೆಯವರು ಹೇಗೆ ಮಾತಾಡಬೇಕು

ಸದಾ ಚಾರ್ಜಿಗಿಟ್ಟ ಫೋನ್, ಹಾಕಿದ ಬಾಗಿಲು, ಊಟಕ್ಕೆ ಬಾರದಿರುವುದು, ಕೇಳಿದ್ದಕ್ಕೆಲ್ಲ ‘ಏನಿಲ್ಲ, ಆಫೀಸ್ ಕೆಲಸ’, ಇದ್ದಕ್ಕಿದ್ದಂತೆ ಎಫ್‌ಡಿ ರಸೀದಿಗಳ ಹುಡುಕಾಟ. ಇವು ಒಟ್ಟಿಗೆ ಕಂಡರೆ ಅನುಮಾನಿಸಬೇಕು.

ಆಗ ‘ನಿಮ್ಮನ್ನು ಮೋಸ ಮಾಡ್ತಿದ್ದಾರೆ, ಇಷ್ಟೂ ಗೊತ್ತಾಗಲ್ವಾ’ ಎಂದು ಕೂಗಿದರೆ ಅವರು ಇನ್ನಷ್ಟು ಒಳಗೆ ಸರಿಯುತ್ತಾರೆ. ಮನೆಯವರು ಅಡ್ಡ ಬರುತ್ತಾರೆಂದು ಅವರಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ, ನಿಮ್ಮ ಕೂಗು ಅದನ್ನು ನಿಜ ಮಾಡುತ್ತದೆ. ಮೈಕ್ ಚಾಲೂ ಇರುವುದರಿಂದ ಹಾಳೆಯ ಮೇಲೆ ದೊಡ್ಡದಾಗಿ ಬರೆದು ತೋರಿಸಿ: ‘ಅಮ್ಮಾ, ನಾನು ಪಕ್ಕದಲ್ಲೇ ಇದ್ದೀನಿ. ನಿನ್ನದೇನೂ ತಪ್ಪಿಲ್ಲ. ಪೊಲೀಸ್ ಸ್ಟೇಷನ್‌ಗೆ ಇಬ್ಬರೂ ಹೋಗೋಣ.’ ವೈಫೈ ಆರಿಸಿ, ಫೋನ್ ಸ್ವಿಚ್ ಆಫ್ ಮಾಡಿ. ವಾದಿಸಿ ಗೆಲ್ಲುವುದಕ್ಕಿಂತ ಹತ್ತಿರದ ಠಾಣೆಯ ಅಥವಾ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯ ಸಿಬ್ಬಂದಿಯ ಎದುರು ಕೂರಿಸುವುದು ಬೇಗ ಕೆಲಸ ಮಾಡುತ್ತದೆ. ನಕಲಿ ಅಧಿಕಾರದ ಎದುರು ನಿಜವಾದದ್ದು ನಿಂತರೆ ಹಿಡಿತ ಸಡಿಲುತ್ತದೆ. ಭೋಪಾಲದಲ್ಲಿ 2024ರ ನವೆಂಬರ್‌ನಲ್ಲಿ ಪೊಲೀಸರು ಉದ್ಯಮಿಯೊಬ್ಬರ ಕೋಣೆಗೆ ಹೋಗಿ, ಕರೆ ನಡೆಯುತ್ತಿರುವಾಗಲೇ ಬಿಡಿಸಿ ತಂದದ್ದು ಹೀಗೆಯೇ.

ಹಣ ಹೋಗಿದ್ದರೆ ಅದೇ ಗಳಿಗೆಯಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕೈಯಲ್ಲಿ ಇರಬೇಕಾದದ್ದು ನಿಮ್ಮ ಬ್ಯಾಂಕ್ ಮತ್ತು ಖಾತೆ ಸಂಖ್ಯೆ, ಪ್ರತಿ ವರ್ಗಾವಣೆಯ ಯುಟಿಆರ್ ಸಂಖ್ಯೆ (ವಹಿವಾಟಿನ ಗುರುತು ಸಂಖ್ಯೆ), ಮೊತ್ತ, ಸಮಯ. ಚಾಟ್, ಪತ್ರ, ಕರೆ ದಾಖಲೆ ಯಾವುದನ್ನೂ ನಾಚಿಕೆಯಿಂದ ಅಳಿಸಬೇಡಿ. ಎಷ್ಟು ಬೇಗ ದೂರು ಹೋಗುತ್ತದೋ ಅಷ್ಟು ಮೊದಲಿನ ಪದರದಲ್ಲೇ ಹಣವನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಕೆಲವು ವಾರಗಳ ಬಳಿಕ ‘ವಕೀಲರು’, ‘ಸೈಬರ್ ಅಧಿಕಾರಿ’ ಎಂದು ಹೇಳಿಕೊಂಡು ಇನ್ನೊಂದು ಕರೆ ಬರಬಹುದು: ನಿಮ್ಮ ಹಣ ಸಿಕ್ಕಿದೆ, ಬಿಡಿಸಿಕೊಳ್ಳಲು ಸಣ್ಣ ಶುಲ್ಕ ಕಟ್ಟಿ ಎಂದು. ಅದು ಅದೇ ಜಾಲದ ಎರಡನೇ ಸುತ್ತು. 1930ಕ್ಕೆ ಕೊಟ್ಟ ದೂರಿಗೆ ಯಾವ ಹಂತದಲ್ಲೂ ಶುಲ್ಕವಿಲ್ಲ.